ಹೆಂಗಸ್ರ ಕನ್ನಡ, ಗಂಡಸ್ರ ಕನ್ನಡ ನಿಜವಾಗ್ಲೂ ಬೇರೆ ಬೇರೆನಾ?

ಅರಸೀಕೆರೆ_ಎಕ್ಸ್‌ಪ್ರೆಸ್

ಮೊನ್ನೆ ಆಫೀಸಲ್ಲಿ ಊಟದ ಟೈಮಲ್ಲಿ ಒಬ್ರು ಶುರು ಮಾಡಿದ್ರು, ಹೆಂಗಸ್ರು ದಿನಕ್ಕೆ 20,000 ಪದ ಮಾತಾಡ್ತಾರೆ, ಗಂಡಸ್ರು ಬರೀ 7,000, ಸೈನ್ಸ್ ಪ್ರೂವ್ ಮಾಡಿದೆ ಅಂತ. ಮಜಾ ಏನಂದ್ರೆ ಡಬ್ಬಿ ಮುಚ್ಚಳ ತೆಗೆದಾಗಿಂದ ಕೈ ತೊಳೆಯೋ ತನಕ ಮಾತಾಡಿದ್ದು ಅವರೊಬ್ರೇ. ನಾವು ಮೂರು ಜನ ಹೆಂಗಸ್ರು ಮೊಸರನ್ನ ಕಲಸ್ಕೊಂಡು ಹೂಂ, ಹೌದಾ, ಓಹೋ ಅಂದಿದ್ದು ಬಿಟ್ರೆ ಇನ್ನೇನೂ ಹೇಳಿಲ್ಲ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡ್ದೆ. ಅಪ್ಪ ಎತ್ತಿದ್ರು. "ಹಾಂ. ಊಟ ಆಯ್ತಾ. ಮಳೆ ಬಂತಾ ಅಲ್ಲಿ. ಇರು, ಅಮ್ಮಂಗೆ ಕೊಡ್ತೀನಿ." ಮುಗೀತು. ಆಮೇಲೆ ಅಮ್ಮ 40 ನಿಮಿಷ. ಓ ಆ ಮನುಷ್ಯ ಹೇಳಿದ್ದು ನಿಜಾನೇ ಇರ್ಬೋದೇನೋ ಅನ್ಸ್ತು, ಆದ್ರೆ ಇದೇ ಅಪ್ಪ ಸಾಯಂಕಾಲ ಅರಳಿಕಟ್ಟೆ ಮೇಲೆ ಕೂತ್ರೆ ಕೊಬ್ಬರಿ ರೇಟು, ಎಲೆಕ್ಷನ್ನು, ಯಾರ ಬೋರ್‌ವೆಲ್ ಎಷ್ಟು ಅಡಿಗೆ ನೀರು ಬಿತ್ತು ಅಂತ ಎರಡು ಗಂಟೆ ಬಾಯಿ ಮುಚ್ಚಲ್ಲ, ಅಮ್ಮ ಬಂದು ಊಟಕ್ಕೆ ಕರೀಬೇಕು. ಕರೆಯೋದೂ ಹೆಂಗೆ? ಹೆಸರಿಡಿದು ಅಲ್ಲ. "ಏನೂಂದ್ರೆ" ಅಂತ ಗಾಳಿಗೆ ಹೇಳ್ತಾರೆ. ಕಟ್ಟೆ ಮೇಲೆ ಎಂಟು ಗಂಡಸ್ರು ಕೂತಿರ್ತಾರೆ, ಎದ್ದು ಬರೋದು ಮಾತ್ರ ಕರೆಕ್ಟಾಗಿ ನಮ್ಮಪ್ಪ.

ಇನ್ನೊಂದು ವಿಷಯ ತಲೇಲಿ ಕೊರೀತಿದೆ. ಹಿಂದೀಲಿ ಮಾತಾಡೋರು ಗಂಡೋ ಹೆಣ್ಣೋ ಅನ್ನೋದು ಕ್ರಿಯಾಪದದಲ್ಲೇ ಗೊತ್ತಾಗುತ್ತೆ, ಜಾತಾ ಹೂಂ, ಜಾತೀ ಹೂಂ. ಕನ್ನಡದಲ್ಲಿ ಯಾರಂದ್ರೂ "ನಾನು ಬಂದೆ", ಅಷ್ಟೆ. ಮಾತಾಡೋರು ಯಾರು ಅಂತ ಭಾಷೆ ಕೇಳೋದೇ ಇಲ್ಲ. ಆದ್ರೆ ಯಾರ ಹತ್ರ ಮಾತಾಡ್ತಿದೀಯ ಅಂತ ಕೇಳದೆ ಬಿಡಲ್ಲ. ಬಾರೋ, ಬಾರೇ. ಕಣೋ, ಕಣೇ. ಏನಪ್ಪಾ, ಏನಮ್ಮಾ. ಅಂದ್ರೆ ನಮ್ಮಲ್ಲಿ ವ್ಯತ್ಯಾಸ ಮಾತಾಡೋ ಬಾಯಲ್ಲಿ ಇಲ್ಲ, ಕೇಳೋ ಕಿವಿ ಯಾರದ್ದು ಅನ್ನೋದರ ಮೇಲೆ ಇದೆ ಅನ್ನೋದು ನನ್ನ ಥಿಯರಿ. ನಿಮ್ಮ ಕಡೆ ಹೆಂಗೆ ಹೇಳಿ.

ಅಂಕಿಸಂಖ್ಯೆ_ಅಣ್ಣ

ಮೊದ್ಲು ಆ 20,000 ಕಥೆ ಮುಗಿಸ್ಬಿಡ್ತೀನಿ. ಆ ನಂಬರ್ ಫೇಮಸ್ ಆಗಿದ್ದು 2006ರಲ್ಲಿ ಅಮೆರಿಕದಲ್ಲಿ ಬಂದ ಹೆಣ್ಣಿನ ಮೆದುಳಿನ ಬಗ್ಗೆ ಇರೋ ಒಂದು ಪುಸ್ತಕದಿಂದ. ಅದಕ್ಕೆ ಹಿಂದೆ ಗಟ್ಟಿ ಸ್ಟಡಿ ಏನೂ ಇರ್ಲಿಲ್ಲ. ಮುಂದಿನ ವರ್ಷಾನೇ, 2007ರಲ್ಲಿ, ಮಥಿಯಾಸ್ ಮೆಲ್ ಮತ್ತೆ ಅವರ ಜೊತೆಯವರು ಸೈನ್ಸ್ ಪತ್ರಿಕೆಯಲ್ಲಿ ನಿಜವಾಗ್ಲೂ ಎಣಿಸಿದ ಲೆಕ್ಕ ಹಾಕಿದ್ರು. 396 ಕಾಲೇಜ್ ಸ್ಟೂಡೆಂಟ್ಸ್‌ಗೆ ಮೈಮೇಲೆ ಸಣ್ಣ ರೆಕಾರ್ಡರ್ ಕಟ್ಟಿ, ಅದು ಆಗಾಗ ತಾನೇ ಆನ್ ಆಗಿ ಸ್ವಲ್ಪ ಹೊತ್ತು ರೆಕಾರ್ಡ್ ಮಾಡೋ ಥರ ಮಾಡಿದ್ರು. ಬಂದ ಲೆಕ್ಕ ಹುಡ್ಗೀರು ದಿನಕ್ಕೆ 16,215 ಪದ, ಹುಡುಗ್ರು 15,669. ಇಬ್ರಿಗೂ ಇರೋ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ. ಎಲ್ಲರಿಗಿಂತ ಜಾಸ್ತಿ ಮಾತಾಡಿ 47,000 ಮುಟ್ಟಿದೋನು ಗಂಡಸು. ನಿಮ್ಮ ಆಫೀಸಿನವರ ಸಂಬಂಧಿಕನೇ ಇರ್ಬೇಕು.

ಗಿರ್ಮಿಟ್_ಮಿರ್ಚಿ

ನಮ್ಮ ಧಾರವಾಡ ಕಡೆ ಗಂಡನ ಹೆಸರ ಹೇಳಬಾರ್ದು ಅನ್ನೋದು ಐತಿ, ಅದಕ್ಕ ಮತ್ತ ಒಂದು ಕಿಡಕಿನೂ ಇಟ್ಟಾರ ನೋಡ್ರಿ, ಒಡಪು. ಲಗ್ನ ಆಗಿ ಹುಡುಗಿ ಗಂಡನ ಮನಿ ಹೊಸಲಿ ಮುಂದ ಬಂದು ನಿಂತಾಗ ನಾದಿನಿ ಬಾಗಲಕ್ಕ ಅಡ್ಡ ನಿಂದರ್ತಾಳ, ಗಂಡನ ಹೆಸರ ಹೇಳಿದ್ರ ಒಳಗ ಬಿಡತೀನಿ ಅಂತ. ಸುಮ್ನ ಹೆಸರ ಹೇಳಂಗಿಲ್ಲ, ಹಾಡಿನಂಗ ಪ್ರಾಸ ಹಚ್ಚಿ ಅದರಾಗ ಹೆಸರ ಸಿಗಸಬೇಕು. ಕುಬಸಾ, ಸೀಮಂತ, ಆರತಿ, ಎಲ್ಲಿ ನಾಕ ಮಂದಿ ಹೆಣ್ಮಕ್ಕಳ ಕೂಡ್ತಾರ ಅಲ್ಲಿ ಇದು ನಡೀತೈತಿ. ನಮ್ಮ ಅತ್ತಿಗೆ ಒಂದ ಹೆಸರಿಗೆ ಏಳೆಂಟ ಒಡಪು ಬರ್ತಾವ. ವರ್ಷಪೂರ್ತಿ "ನಮ್ಮನಿಯವರು, ಇವರು" ಅನ್ನಾಕಿ ಅವತ್ತ ಒಂದಿನ ಅಂಗಳ ತುಂಬ ಕೇಳುವಂಗ ಹೆಸರ ಹೇಳ್ತಾಳ, ನಾಚಗೋತ ಅಲ್ಲ ಮತ್ತ, ಗತ್ತಿನಿಂದ.

ನಿಮ್ಮ ಕಣೋ ಕಣೇ ನಮ್ಮ ಕಡೆ ಹಂಗ ಇಲ್ರಿ. ಗೆಳೆಯಾಗ "ಬಾರಲೇ", ಅವ್ವಗ "ಬಾ ಬೇ ಯವ್ವಾ". ಅವ್ವಗ ಲೇ ಅಂದ್ರ ಹಲ್ಲ ಉದುರ್ತಾವ.

ಸಕ್ಕರೆನಾಡು_ಸಾವಿತ್ರಿ

ನಮ್ ಮಂಡ್ಯ ಕಡೆ ಗಂಡೈಕ್ಳಿಗೆ "ಬಾಲಾ", ಹೆಣ್ಣೈಕ್ಳಿಗೆ "ಬಾಮ್ಮಿ". ನಮ್ಮಜ್ಜಿ ಕಥೆ ಹೇಳ್ಬೇಕು ಇಲ್ಲಿ. ನಮ್ ತಾತನ್ ಹೆಸ್ರು ಬೆಟ್ಟೇಗೌಡ. ಅಜ್ಜಿ ಸಾಯೋಗಂಟ ಬೆಟ್ಟ ಅನ್ನೋ ಪದಾನೇ ಬಾಯ್ಗ್ ತಗೀಲಿಲ್ಲ. ಚಾಮುಂಡಿ ಬೆಟ್ಟ ಅನ್ನಂಗಿಲ್ಲ, "ಚಾಮುಂಡಮ್ಮನ್ ಗುಡ್ಡುಕ್ ಹೋಗ್ಬರಾವ" ಅನ್ನೋದು. ಆದಿಚುಂಚನಗಿರಿಗೆ ಹೋಗ್ಬೇಕು ಅಂದ್ರೂ "ಆ ಎತ್ರದ್ ಮ್ಯಾಕೆ". ರೇಶನ್ ಕಾರ್ಡ್ ಮಾಡ್ಸಕ್ ಹೋದಾಗ ಗಂಡನ ಹೆಸರೇನಮ್ಮ ಅಂತ ಕೇಳುದ್ರೆ ನನ್ ಮಕ ನೋಡ್ತು. ನಾನಾಗ ಮೂರನೇ ಕ್ಲಾಸು. ನಾನೇ ಹೇಳ್ದೆ, ಬರ್ಕೊಂಡ್ರು. ತಾತ ಮಾತ್ರ ಅಜ್ಜೀನ "ಲೇ ಚಿಕ್ತಾಯಿ" ಅಂತ ಮೂರ್ ಬೀದಿಗೆ ಕೇಳಂಗ್ ಕರೀತಿತ್ತು.

ತಾಲೂಕು_ವಕೀಲ

ರೇಶನ್ ಕಾರ್ಡ್ ಬಿಡಿ, ಕೋರ್ಟಲ್ಲೂ ಇದೇ ಕಥೆ. ಸಾಕ್ಷಿ ಕಟಕಟೆಯಲ್ಲಿ ನಿಂತ ವಯಸ್ಸಾದ ಹೆಂಗಸಿಗೆ ಗಂಡನ ಹೆಸರು ಕೇಳಿದ್ರೆ "ಅಲ್ಲೇ ಬರೆದೈತಲ್ಲ ಸಾಮಿ" ಅಂತಾಳೆ. ಆಮೇಲೆ ನಾವು ಓದ್ತೀವಿ, ಆಕೆ ತಲೆ ಅಲ್ಲಾಡಿಸ್ತಾಳೆ.

ಆದ್ರೆ ನನಗೆ ಇಲ್ಲಿ ಬೇರೆ ಒಂದು ಪಾಯಿಂಟ್ ಇದೆ. 1975ರಲ್ಲಿ ರಾಬಿನ್ ಲೇಕಾಫ್ ಅಂತ ಅಮೆರಿಕದ ಭಾಷಾವಿಜ್ಞಾನಿ ಹೆಂಗಸರ ಭಾಷೆ ಬಗ್ಗೆ ಒಂದು ಪುಸ್ತಕ ಬರೆದ್ರು. ಹೆಂಗಸರು ಮಾತಿನ ಕೊನೆಗೆ "ಅಲ್ವಾ" ಸೇರಿಸ್ತಾರೆ, "ಅನ್ಸುತ್ತೆ", "ಇರ್ಬೋದೇನೋ" ಜಾಸ್ತಿ, ತೀರಾ ವಿನಯ, ಬಣ್ಣಗಳಿಗೆ ಸೂಕ್ಷ್ಮ ಹೆಸರುಗಳು, ಹಿಂಗೆ ಪಟ್ಟಿ. ಆಗ ಅದು ದೊಡ್ಡ ವಿಷಯಾನೇ, ಯಾಕಂದ್ರೆ ಅಲ್ಲೀತನಕ ಇದನ್ನ ಹೆಚ್ಚು ಜನ ಸೀರಿಯಸ್ಸಾಗಿ ತಗೊಂಡಿರ್ಲಿಲ್ಲ. ಆಮೇಲೆ ಓಬಾರ್ ಮತ್ತು ಆಟ್ಕಿನ್ಸ್ ಅಂತ ಇಬ್ರು ನಾರ್ತ್ ಕೆರೊಲಿನಾದ ಕೋರ್ಟುಗಳಲ್ಲಿ ಸಾಕ್ಷಿಗಳ ಮಾತು ರೆಕಾರ್ಡ್ ಮಾಡಿ 1980ರಲ್ಲಿ ಬರೆದ್ರು. ಅವರಿಗೆ ಕಂಡಿದ್ದು ಏನು ಗೊತ್ತಾ, ಈ "ಹೆಂಗಸರ ಭಾಷೆ" ಹೆಂಗಸರೆಲ್ಲರ ಬಾಯಲ್ಲಿ ಇರ್ಲಿಲ್ಲ. ಡಾಕ್ಟರಾಗಿ ಬಂದು ಎಕ್ಸ್‌ಪರ್ಟ್ ಸಾಕ್ಷಿ ಹೇಳೋ ಹೆಂಗಸು ನೇರವಾಗಿ ಮಾತಾಡ್ತಾಳೆ, ಕೆಳಗಿನ ಕೆಲಸದಲ್ಲಿರೋ ಗಂಡಸು ತಡವರಿಸ್ತಾನೆ. ಅವರು ಅದಕ್ಕೆ ಬಲವಿಲ್ಲದವರ ಭಾಷೆ ಅಂದ್ರು.

ನಾನು 14 ವರ್ಷದಿಂದ ಇದನ್ನೇ ನೋಡ್ತಿರೋದು. ಆರು ಅಡಿ ರೈತ, ಸಂತೆಯಲ್ಲಿ ಗುಡುಗೋ ಮನುಷ್ಯ, ತಹಶೀಲ್ದಾರ್ ಮುಂದೆ ಹೋದ್ರೆ "ಬುದ್ಧಿ, ಒಂಚೂರು ನೋಡಿ ಬುದ್ಧಿ, ತಪ್ಪಿದ್ರೆ ಹೊಟ್ಟೆಗಾಕ್ಕೊಳಿ" ಅಂತಾನೆ. ಅದೇ ತಹಶೀಲ್ದಾರ್ ಮೇಡಂ ಆಗಿದ್ರೆ ಮೇಡಂ ಬಾಯಲ್ಲಿ ಒಂದು "ಅನ್ಸುತ್ತೆ" ಬರಲ್ಲ. ಲಿಂಗ ಅಲ್ಲ ರೀ, ಕುರ್ಚಿ.

ಚಿಕ್ಕಪೇಟೆ_ಸೀರೆ

ಬಣ್ಣದ ವಿಷಯಕ್ಕೆ ನಾನು ಬರ್ಲೇಬೇಕು. ಅಪ್ಪಂದು ಸೀರೆ ಅಂಗಡಿ, ನಾನು ಅಲ್ಲೇ ಬೆಳೆದಿದ್ದು. ನಮ್ಮ ಅಂಗಡೀಲಿ ಸೀರೆ ಬಿಚ್ಚಿ ತೋರಿಸೋರು ಎಲ್ಲಾ ಗಂಡಸ್ರೇ. ಎಲೆ ಹಸಿರು ಬೇರೆ, ಗಿಳಿ ಹಸಿರು ಬೇರೆ, ರಾಮಾ ಗ್ರೀನ್ ಬೇರೆ, ಈರುಳ್ಳಿ ಸಿಪ್ಪೆ ಬಣ್ಣ, ಬದನೆಕಾಯಿ ಬಣ್ಣ, ಕನಕಾಂಬರ, ಆನಂದ ಬ್ಲೂ, ಸುಬ್ಬುಲಕ್ಷ್ಮಿ ಅಮ್ಮನ ಹೆಸರಲ್ಲಿರೋ ಎಂಎಸ್ ಬ್ಲೂ, ಎಲ್ಲಾ ಕಣ್ಣು ಮುಚ್ಕೊಂಡು ಹೇಳ್ತಾರೆ. ಅದೇ ಗಂಡಸು ಭಾನುವಾರ ಮನೇಲಿ ಹೆಂಡ್ತಿ ಕೇಳಿದ್ರೆ "ಹಸಿರು, ಚೆನ್ನಾಗಿದೆ" ಅಂತ ಟಿವಿ ಕಡೆ ತಿರುಗ್ತಾನೆ.

ಶಿರಸಿ_ಕೂಸು

ನಮ್ಮ ಹವ್ಯಕರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಹೆಂಗಸ್ರಿಗೆ ಅವಳು ಅನ್ನೋದೇ ಇಲ್ಲ, "ಅದು". ಅಮ್ಮ ಬಂತು, ಅಕ್ಕ ಹೇಳ್ತು, ಕೂಸು ಶಾಲಿಗೆ ಹೋತು. ಅಪ್ಪ ಮಾತ್ರ ಬಂದ. ನಾನು ಬೆಂಗಳೂರಿಗೆ ಬಂದ ಹೊಸದ್ರಲ್ಲಿ ಪಿಜಿಯಲ್ಲಿ ಅಭ್ಯಾಸಬಲದಿಂದ "ರೂಮ್‌ಮೇಟ್ ಮಲಗಿತ್ತು" ಅಂದುಬಿಟ್ಟೆ, ಆ ಹುಡ್ಗಿ ನಾನೇನು ಎಮ್ಮೆನಾ ಅಂತ ಎರಡು ದಿನ ಮಾತು ಬಿಟ್ಲು. ನಮಗೆ ಅದರಲ್ಲಿ ಅಗೌರವ ಇಲ್ಲ, ಆಯಿಗೆ ಹೇಳೋದೂ ಹಾಂಗೇ. ಆದ್ರೆ ಹೊರಗಿನವರಿಗೆ ಕೇಳೋಕೆ ಹೆಂಗಿರುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಸಕ್ಕರೆನಾಡು_ಸಾವಿತ್ರಿ

ನಮ್ದ್ರಲ್ಲೂ ಅಂಗೇ ಕನವ್ವ, "ನಮ್ಮವ್ವ ಬತ್ತದೆ", "ಅಕ್ಕ ಬಂತು". ಮೇಲೆ ನಮ್ ತಾತನ್ನೂ "ಕರೀತಿತ್ತು" ಅಂತ್ಲೇ ಬರ್ದಿವ್ನಿ ನೋಡಿ, ಪಿರೂತಿಗೆ ಗಂಡಸ್ರುಗೂ ಅಂತೀವಿ. ಬೈಯೋವಾಗ್ಲೂ ಅದೇ, "ಎಲ್ಲೋಯ್ತು ಅದು".

ಬಳ್ಳಾರಿ_ಬಿಸಿಲು

ನಮ್ಮ ಮನೇಲಿ ತೆಲುಗು. ತೆಲುಗಿನಲ್ಲಿ ಇದು ಯಾವ್ದೋ ಒಂದು ಜಾತಿ, ಒಂದು ಊರಿನ ರೂಢಿ ಅಲ್ಲ, ಪೂರ್ತಿ ಭಾಷೆಯ ವ್ಯಾಕರಣಾನೇ. ಆಮೆ ವಚ್ಚಿಂದಿ, ಕುಕ್ಕ ವಚ್ಚಿಂದಿ. ಅವಳು ಬಂದಿದ್ದಕ್ಕೂ ನಾಯಿ ಬಂದಿದ್ದಕ್ಕೂ ಒಂದೇ ಕ್ರಿಯಾಪದ. ಇನ್ನೂ ತಮಾಷೆ ಅಂದ್ರೆ ಹೆಂಗಸ್ರು ಇಬ್ಬರಾದ ಕೂಡ್ಲೇ ಮನುಷ್ಯರ ಗುಂಪಿಗೆ ಬಂದುಬಿಡ್ತಾರೆ, ವಾಳ್ಳು ವಚ್ಚಾರು. ಒಬ್ಬಳೇ ಇದ್ರೆ ಇಲ್ಲ. ನಮ್ಮಮ್ಮ ಇದನ್ನ ಕೇಳಿ ಅಂದಿದ್ದು, "ಅದಕ್ಕೇ ನಾವು ಜೊತೆ ಇಲ್ದೆ ಎಲ್ಲೂ ಹೋಗಲ್ಲ".

ಇಂಜಿನಿಯರ್_ಅಲ್ಲ

ಎಲ್ಲದರಲ್ಲೂ ಜೆಂಡರ್ ತರೋದು ಈಗ ಫ್ಯಾಶನ್ ಆಗಿದೆ. ವ್ಯಾಕರಣ ವ್ಯಾಕರಣ ಅಷ್ಟೇ. ಟೇಬಲ್ಲಿಗೂ "ಅದು", ದೇವರಿಗೂ ಕೆಲವು ಸಲ "ಅದು". ಇದ್ರಲ್ಲಿ ಶೋಷಣೆ ಹುಡುಕ್ತಾ ಕೂತ್ರೆ ಭಾಷೆ ಮಾತಾಡೋಕಾಗಲ್ಲ. ಹೆಂಗಸ್ರು ಮಾತಾಡೋದು ಜಾಸ್ತಿ ಅನ್ನೋದು ನಮ್ಮ ಮನೇಲಿ ಕಣ್ಣಾರೆ ನೋಡ್ತಿರೋ ಸತ್ಯ, ಯಾವ ಸೈನ್ಸ್ ಪತ್ರಿಕೇನೂ ಬೇಡ.

ಅರಸೀಕೆರೆ_ಎಕ್ಸ್‌ಪ್ರೆಸ್

ಶೋಷಣೆ ಅಂತ ಇಲ್ಲಿ ಯಾರೂ ಅಂದೇ ಇಲ್ವಲ್ಲ ಸಾರ್, ಮೊದ್ಲು ಹೇಳಿದ್ದು ನೀವೇ. ವ್ಯಾಕರಣ ಬಿಡಿ, ಡಿಕ್ಷನರಿ ತಗೊಳಿ. ಗಯ್ಯಾಳಿ, ಇದರ ಪುಲ್ಲಿಂಗ ಏನು ಹೇಳಿ? ಬಜಾರಿ? ಗಂಡುಬೀರಿ? ಜಗಳಗಂಟಿಗೆ ಜಗಳಗಂಟ ಇದಾನೆ, ಬಾಯಿಬಡುಕಿಗೆ ಬಾಯಿಬಡುಕ ಇದಾನೆ, ಸರಿ. ಗಯ್ಯಾಳಿಗೆ ಗಂಡೇ ಹುಟ್ಟಿಲ್ಲ. ಬಜಾರಿ ಅನ್ನೋದ್ರೊಳಗೆ ಬಜಾರ್ ಕೂತಿದೆ ನೋಡಿ. ಬಜಾರಲ್ಲಿ ಗಟ್ಟಿಯಾಗಿ ಮಾತಾಡೋ ಗಂಡಸು ವ್ಯಾಪಾರಿ, ಹೆಂಗಸು ಬಜಾರಿ. ನಮ್ಮಪ್ಪ ಕಟ್ಟೆ ಮೇಲೆ ಮಾಡೋದು ಹರಟೆ, ಅಮ್ಮ ನಲ್ಲಿ ಹತ್ರ ಅದನ್ನೇ ಮಾಡಿದ್ರೆ ಚಾಡಿ. ವಿಷಯ ಒಂದೇ, ಯಾರ ಮಗಳು ಯಾರ ಜೊತೆ ಹೋದ್ಲು.

ಮಾತಾಡೋದು ಜಾಸ್ತಿ ಅಂತ ನಿಮಗೆ ಅನ್ಸೋದು, ಅವರು ಮಾತಾಡ್ಬಾರ್ದು ಅನ್ನೋ ಅಳತೆಗೋಲು ನಿಮ್ಮ ಕೈಲಿ ಮೊದಲೇ ಇರೋದಕ್ಕೂ ಆಗಿರ್ಬೋದು. (ನೋಡಿ, ಇರ್ಬೋದು ಅಂದೆ. ಲೇಕಾಫ್ ಮೇಡಂ ಪಟ್ಟಿಗೆ ಸೇರ್ಕೊಂಡೆ.)

ಇಂಜಿನಿಯರ್_ಅಲ್ಲ

ಗಯ್ಯಾಳ ಅಂತ ಬರೀಬೋದಲ್ಲ.

ಗಿರ್ಮಿಟ್_ಮಿರ್ಚಿ

ಬರೀರಿ, ಬ್ಯಾಡ ಅಂದೋರ ಯಾರು. ಆದ್ರ ಮೊದಲ ಒಬ್ಬ ಬೇಕಲ್ಲ, ಯಾರಿಗಾದ್ರೂ ಅಂದು ತೋರಸ್ರಿ. ಹೆಸರಿಗೆ ನಿಮ್ಮದ ಹಚ್ಚೋಣ ಏನು?

ನಿವೃತ್ತ_ಕನ್ನಡ_ಮೇಷ್ಟ್ರು

ಓದಿ ಖುಷಿಯಾಯ್ತು, ಜಗಳವೂ ಚೆನ್ನಾಗಿದೆ. "ಅಲ್ವಾ" ಬಗ್ಗೆ ಒಂದು ಮಾತು. ಹೆಂಗಸರ "ಅಲ್ವಾ" ಅನುಮಾನದ್ದು ಅಂತ ಹೇಳೋದು ನಮ್ಮ ಭಾಷೆಗೆ ಅಷ್ಟು ಹೊಂದಲ್ಲ. ನಮ್ಮ ಹೆಡ್‌ಮೇಷ್ಟ್ರು ಒಬ್ಬರು ಪ್ರತಿ ವಾಕ್ಯದ ಕೊನೆಗೆ "ಅಲ್ವೇನ್ರೀ?" ಅನ್ನೋರು, ಅದಕ್ಕೆ ಅಲ್ಲ ಅಂದೋರು ಸ್ಟಾಫ್ ರೂಮಲ್ಲಿ ಯಾರೂ ಉಳಿದಿಲ್ಲ. ಅದೇ "ಅಲ್ವಾ", ಪಕ್ಕದ ಮನೆಯಾಕೆ ನನ್ನ ಹೆಂಡತಿ ಹತ್ರ "ಈ ಸಲ ಸೆಕೆ ಜಾಸ್ತಿ ಅಲ್ವಾ" ಅಂದ್ರೆ ಅದು ಬಾಗಿಲು ತೆಗೆಯೋ ಮಾತು, ಬಾ ಕೂತ್ಕೋ ಅನ್ನೋ ಹಾಗೆ. ಪದ ಒಂದೇ, ಒಂದು ಬಾಯಿ ಮುಚ್ಚಿಸುತ್ತೆ, ಇನ್ನೊಂದು ಬಾಯಿ ಬಿಡಿಸುತ್ತೆ.

ವಕೀಲರು ಹೇಳಿದ ಕುರ್ಚಿ ವಿಚಾರ ನಮ್ಮಲ್ಲಿ ಬಹಳ ಹಳೇದು. ಸಂಸ್ಕೃತ ನಾಟಕದಲ್ಲಿ ದುಷ್ಯಂತ ಸಂಸ್ಕೃತದಲ್ಲಿ ಪ್ರೀತಿ ಮಾಡ್ತಾನೆ, ಶಕುಂತಲೆ ಜನರ ಆಡುಮಾತಿನಂಥ ಪ್ರಾಕೃತದಲ್ಲಿ ಉತ್ತರ ಕೊಡ್ತಾಳೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥವಾಗುತ್ತೆ, ಆದರೆ ಯಾರೂ ದಾಟಲ್ಲ. ಹೆಂಗಸರು ಅಂತ ಪ್ರಾಕೃತ ಕೊಟ್ಟರು ಅಂದ್ಕೊಂಡರೆ ವಿದೂಷಕ ಬ್ರಾಹ್ಮಣ, ಗಂಡಸು, ಅವನಿಗೂ ಪ್ರಾಕೃತವೇ. ಕಾಳಿದಾಸನದೇ ಇನ್ನೊಂದು ನಾಟಕ ಮಾಲವಿಕಾಗ್ನಿಮಿತ್ರದಲ್ಲಿ ಕೌಶಿಕಿ ಅನ್ನೋ ಸಂನ್ಯಾಸಿನಿ ಬರ್ತಾಳೆ, ಅವಳು ಮಾತಾಡೋದು ಸಂಸ್ಕೃತ. ಹೆಣ್ಣಾಗಿ ಹುಟ್ಟಿದ್ದಕ್ಕಲ್ಲ, ಹೆಣ್ಣಿನ ಜಾಗದಲ್ಲಿ ಕೂತಿದ್ದಕ್ಕೆ ಪ್ರಾಕೃತ. ಕಾವಿ ಉಟ್ಟು ಆ ಜಾಗದಿಂದ ಎದ್ದರೆ ಭಾಷೆಯೂ ಬದಲಾಯ್ತು.

ಇನ್ನು ಗಂಡನ ಹೆಸರು. ಆಯ್ದಕ್ಕಿ ಲಕ್ಕಮ್ಮನ ಅಂಕಿತ ಏನು ನೆನಪಿಸಿಕೊಳ್ಳಿ, "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಮಾರಯ್ಯ ಅಂದ್ರೆ ಆಕೆಯ ಗಂಡ. ಬೇಕಾಗಿದ್ದಕ್ಕಿಂತ ಜಾಸ್ತಿ ಅಕ್ಕಿ ತಂದ ಅಂತ ವಾಪಸ್ ಸುರಿದು ಬಾ ಅಂತ ಗಂಡನನ್ನ ಕಳಿಸಿದ ಹೆಣ್ಣುಮಗಳು 12ನೇ ಶತಮಾನದಲ್ಲಿ ಪ್ರತಿ ವಚನದ ಕೊನೆಗೂ ಅವನ ಹೆಸರು ಹೇಳಿದಳು. ನಾನು ಮೂವತ್ತು ವರ್ಷ ಇದನ್ನ ಪಾಠ ಮಾಡಿದೆ, ನನ್ನ ಹೆಂಡತಿ ನನ್ನ ಹೆಸರು ಹೇಳದ ಮನೆಯಿಂದ ಹೊರಟು ಹೋಗಿ ಪಾಠ ಮಾಡಿದೆ, ಎರಡನ್ನೂ ಜೋಡಿಸಿ ನೋಡಿದ್ದು ಈಗ ಇಲ್ಲಿ ಬರೀವಾಗಲೇ.

ಅರಸೀಕೆರೆ_ಎಕ್ಸ್‌ಪ್ರೆಸ್

ಮೇಷ್ಟ್ರೇ 🙏 ಲಕ್ಕಮ್ಮನ ಅಂಕಿತ ನಾನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಒಂದು ಸಲಾನೂ ಹೊಳೀಲಿಲ್ಲ.

ಕರಾವಳಿ_ಬಂಗುಡೆ

ನಮ್ಮಲ್ಲಿ ಮಾರಾಯ, ಮಾರಾಯ್ತಿ. ಜಾಸ್ತಿ ಜನ ಇದ್ರೆ "ಮಾರ್ರೆ" ಅಂದ್ರಾಯ್ತು, ಗಂಡು ಹೆಣ್ಣು ಎಲ್ಲ ಅದರಲ್ಲೇ. ಎಂತ ಚರ್ಚೆ ಮಾರ್ರೆ ಇಷ್ಟು ಉದ್ದ.

ಬೈಗುಳದ ಬಗ್ಗೆ ಯಾಕೆ ಯಾರೂ ಹೇಳ್ತಿಲ್ಲ?

ಸಕ್ಕರೆನಾಡು_ಸಾವಿತ್ರಿ

ಏಳ್ತೀನಿ ತಡೀರಿ, ನಾನೇ ಏಳ್ಬೇಕು ಅದ್ನ. ಗಂಡಸ್ರು ಬೈಯೋದು ನೀವ್ ಗಮನುಸ್ ನೋಡಿ, ಎಲ್ಲಾ ಒಂದೇ ಪದ. ಮಗನೇ ಅಂತ ಮುಗೀತದೆ. ಇಂತೋಳ್ ಮಗನೇ, ಅಂತೋಳ್ ಮಗನೇ. ಬೈಸ್ಕಳೋನು ಗಂಡ್ಸು, ಬೈಯೋನು ಗಂಡ್ಸು, ಮಾನ ಓಗೋದು ಮನೇಲ್ ರಾಗಿ ಮುದ್ದೆ ತಿರುವ್ತಿರೋ ಅವ್ರವ್ವುಂದು. ಮುಂಡೇಮಗ ಅಂದ್ರೆ ಏನು, ಗಂಡ ಸತ್ತೋಳ್ ಮಗ. ಗಂಡ ಸತ್ತುದ್ದು ಅವಳ್ ತಪ್ಪಾ?

ಎಂಗುಸ್ರು ಬೈಯೋದು ಬ್ಯಾರೆ. ನಮ್ದು ಪದ ಅಲ್ಲ, ಪೂರ್ತಿ ವಾಕ್ಯ. "ನಿನ್ ಬಾಯ್ಗ್ ಮಣ್ಣಾಕ", "ನಿನ್ ಕೈ ಸೇದೋಗ", "ನಿನ್ ಮನೆ ಎಕ್ಕುಟ್ಟೋಗ". ಒಂದ್ ಇಡಿ ಮಣ್ಣ್ ತಗ್ದು ತೂರಿ, ನೆಟಿಕೆ ಮುರ್ದು ಏಳುದ್ರೆ ಬೀದಿ ಗಪ್‌ಚುಪ್. ಅದೇ ನೆಟಿಕೆ ಮಗೀಗ್ ದುಷ್ಟಿ ತೆಗ್ಯೋಕೂ ಮುರೀತೀವಿ. ಯಾಕ್ ಇಂಗೆ ಅಂತ ನಂಗ್ ಅನ್ಸೋದು, ಗಂಡ್ಸು ಬೈದು ಕಪಾಳುಕ್ ಒಂದ್ ಬಿಡ್ಬೋದು. ನಮ್ಮಜ್ಜಿ ಬದ ವತ್ತರ್ಸ್ಕಂಡೋನ್ಗೆ ಒಡಿಯಕಾಯ್ತಿತ್ತಾ? ಅದ್ಕೆ ದೇವ್ರಿಗೇ ವಯಿಸೋದು, ನೀನಾರ ನೋಡ್ಕೋ ಅಂತ.

ನಿವೃತ್ತ_ಕನ್ನಡ_ಮೇಷ್ಟ್ರು

ಸಾವಿತ್ರಮ್ಮ, ನೀವು ಹೇಳಿದ್ದು ವ್ಯಾಕರಣದಲ್ಲಿ ಹಾಗೇ ಇದೆ. ಗಂಡಸರದ್ದು ಸಂಬೋಧನೆ, ಅಂದ್ರೆ ಕರೆಯೋದು. ಹೆಂಗಸರದ್ದು ವಿಧ್ಯರ್ಥ, ಅಂದ್ರೆ ಹೀಗಾಗಲಿ ಅನ್ನೋದು. "ಮನೆ ಎಕ್ಕುಟ್ಟೋಗ" ಅಂದ್ರೆ ಮನೆ ಹಾಳಾಗಿ ಹೋಗಲಿ ಅಂತ. ಪುಸ್ತಕದಲ್ಲಿ ವಿಧ್ಯರ್ಥಕ್ಕೆ ಉದಾಹರಣೆ "ದೇವರು ಒಳ್ಳೆಯದು ಮಾಡಲಿ" ಅಂತ ಕೊಡ್ತಿದ್ದೆ. ನಿಮ್ಮ ಉದಾಹರಣೆ ಕೊಟ್ಟಿದ್ದರೆ ಹಿಂದಿನ ಬೆಂಚೂ ಎದ್ದು ಕೂರ್ತಿತ್ತು.

ಮಲ್ಲೇಶ್ವರಂ_ಮಿಸ್

ಬೈಗುಳ ಆಯ್ತು, ಇದರ ಉಲ್ಟಾ ಒಂದಿದೆ. ಕೆಟ್ಟದ್ದು ಬಾಯಲ್ಲಿ ಬರ್ಬಾರ್ದು ಅಂತ ಮಾತನ್ನ ತಿರುಗಿಸಿ ಹೇಳೋದು. ನಮ್ಮತ್ತೆ ದೀಪ ಆರಿಸು ಅನ್ನಲ್ಲ, "ದೀಪ ದೊಡ್ಡದು ಮಾಡು" ಅಂತಾರೆ. ಮದುವೆಯಾದ ಹೊಸದ್ರಲ್ಲಿ ನಾನು ಬತ್ತಿ ಎಳೆದು ಇನ್ನೂ ಜೋರು ಮಾಡಿದ್ದೆ. ಬಳೆ ಒಡೀತು ಅನ್ನಂಗ್ ಇಲ್ಲ, "ಬಳೆ ಹೆಚ್ಚಿತು". ಹೋಗ್ತೀನಿ ಅಂದ್ರೆ ಕಣ್ಣು ಬಿಡ್ತಾರೆ, ಹೋಗ್ ಬರ್ತೀನಿ ಅನ್ಬೇಕು. ಮಾವ ಮಾತ್ರ "ಆ ದೀಪ ಆರಿಸ್ರೇ ಎಣ್ಣೆ ದಂಡ" ಅಂತ ಕೂಗ್ತಾರೆ, ಅವರಿಗೆ ಯಾರೂ ಏನೂ ಅನ್ನಲ್ಲ. ಮನೆಯ ಶುಭ ಅಶುಭ ಎಲ್ಲಾ ಹೆಂಗಸ್ರ ನಾಲಗೆ ಮೇಲೇ ಯಾಕೆ ನಿಂತಿದೆಯೋ.

ಮುಟ್ಟಿನ ಮಾತಂತೂ ಅಬ್ಬಾ. ಹೊರಗಾಗಿದೀನಿ, ದೂರ ಇದೀನಿ, ಕಾಗೆ ಮುಟ್ಟಿದೆ. ಚಿಕ್ಕವನಿದ್ದಾಗ ನನ್ನ ತಮ್ಮ ಕಾಗೆ ಕಂಡ್ರೆ ಕಲ್ಲು ಹೊಡೀತಿದ್ದ, ನಮ್ಮಕ್ಕನ್ನ ಮುಟ್ಟುತ್ತೆ ಅಂತ. ಈಗ ನನ್ನ ಮಗಳು ಹಾಲಲ್ಲಿ ಕೂತು ಅಪ್ಪನ ಮುಂದೇನೇ "ಪೀರಿಯಡ್ಸ್, ಪ್ಯಾಡ್ ತಂದ್ಕೊಡಿ" ಅಂತಾಳೆ. ಇಂಗ್ಲಿಷಲ್ಲಿ ಅಂದಿದ್ದಕ್ಕೆ ಮುಜುಗರ ಕಮ್ಮಿ ಆಯ್ತೋ, ಕಾಲ ಬದಲಾಯ್ತೋ, ನಂಗಂತೂ ಎರಡನೇದು ಅಂತ ನಂಬೋಕೆ ಆಸೆ.

ಬಸವನಗುಡಿ_ಬಾಯ್ಸ್_ಅಂಡ್_ಗರ್ಲ್ಸ್

ಲೇಟಾಗಿ ಬಂದೆ. ನಾನು ಇಂಜಿನಿಯರಿಂಗ್ ಥರ್ಡ್ ಇಯರ್, ಹುಡ್ಗಿ. ನಮ್ ಕ್ಲಾಸಲ್ಲಿ ನಾವು ನಾವೇ "ಮಗಾ", "ಮಚ್ಚಾ", "ಗುರು", "ಬ್ರೋ". ಹುಡ್ಗೀರಿಗೆ ಹುಡ್ಗೀರೇ "ಏನ್ ಮಗಾ ಅಸೈನ್‌ಮೆಂಟ್ ಆಯ್ತಾ". ಕಣೇ ಅನ್ನೋದು ಈಗ ಸೀರಿಯಸ್ ಟೈಮಲ್ಲಿ ಮಾತ್ರ, ಬ್ರೇಕಪ್ ಆದಾಗ "ಬಿಡು ಕಣೇ" ಅಂದ್ರೆ ಬೇರೆ ವೇಟ್ ಇದೆ. ಅಮ್ಮ ಒಂದಿನ ಕೇಳಿಸ್ಕೊಂಡು ಹುಡುಗ್ರ ಥರ ಮಾತಾಡ್ತೀಯ ಅಂದ್ರು. ಆದ್ರೆ ನೋಡಿ, ಯಾವ ಹುಡುಗಾನೂ ಇನ್ನೊಬ್ಬ ಹುಡುಗಂಗೆ "ಬಾರೇ ಸಿಸ್" ಅನ್ನಲ್ಲ, ಅಂದ್ರೆ ಅದು ಗೇಲಿ. ಟ್ರಾಫಿಕ್ ಒಂದೇ ಕಡೆ. ಒನ್‌ವೇ.

ಅರಸೀಕೆರೆ_ಎಕ್ಸ್‌ಪ್ರೆಸ್

ಹಾ ಇದು ಇದು. ಗಂಡುಬೀರಿ ಅಂದ್ರೆ ಅರ್ಧ ಬೈಗುಳ ಅರ್ಧ ಹೆಮ್ಮೆ, ಹೆಣ್ಣಿಗ ಅಂದ್ರೆ ಪೂರ್ತಿ ಬೈಗುಳ. ಪ್ಯಾಂಟ್ ನಾವು ಹಾಕೊಂಡ್ವಿ, ಸೀರೆ ಅವರು ಉಟ್ಟಿಲ್ಲ, ಮಾತಲ್ಲೂ ಅದೇ.

ಪುಣೆ_ಕನ್ನಡತಿ

ಮೊದಲ ಪೋಸ್ಟಿನ ಹಿಂದಿ ಮಾತಿಗೆ ಸೇರಿಸ್ತೀನಿ. ನಾನು ಹಿಂದಿ ಕಲಿತಿದ್ದು ಆಫೀಸಿನ ಹುಡುಗರ ಮಾತು ಕೇಳಿ. ಆರು ತಿಂಗಳು "ಮೈ ಆತಾ ಹೂಂ, ಕರತಾ ಹೂಂ" ಅಂತ ಗಂಡಸಾಗಿ ತಿರುಗಿದೆ, ಯಾರೂ ತಿದ್ದಲಿಲ್ಲ, ಎಲ್ಲರಿಗೂ ಎಂಟರ್‌ಟೈನ್‌ಮೆಂಟ್. ಇಲ್ಲಿ ಮರಾಠೀಲೂ ಅದೇ ಗೋಳು, ಜಾತೋ, ಜಾತೇ. ಊರಿಗೆ ಹೋಗಿ "ನಾನ್ ಹೋಗ್ತೀನಿ" ಅಂದಾಗ ಗಂಟಲು ಹಗುರ ಆಗುತ್ತೆ, ನಾನು ಹೆಣ್ಣು ಅಂತ ಪ್ರತಿ ವಾಕ್ಯಕ್ಕೂ ಸಹಿ ಹಾಕ್ಬೇಕಾಗಿಲ್ಲ.

ಅಂದಹಾಗೆ ಒಡಪು ಇಲ್ಲೂ ಇದೆ, ಉಖಾಣಾ ಅಂತಾರೆ. ಇಲ್ಲಿ ಮದುಮಗನ ಹತ್ರಾನೂ ಹೇಳಿಸ್ತಾರೆ.

ಗಿರ್ಮಿಟ್_ಮಿರ್ಚಿ

ನಮ್ಮಲ್ಲೂ ಗಂಡಿನ ಕೂಡ ಹೇಳಸ್ತಾರ್ರೀ, ಮಜಾ ಇರೋದ ಅಲ್ಲಿ. ಹ್ವಾದ ವರ್ಷ ನಮ್ಮ ಕಾಕಾನ ಮಗನ ಲಗ್ನ. ಹುಡುಗ ಸಾಫ್ಟ್‌ವೇರ್, ದಿನಾ ಫಾರಿನ್ ಮಂದಿ ಜೋಡಿ ಕಾಲ್‌ನಾಗ ತಾಸಗಟ್ಲೆ ಮಾತಾಡಾಂವ. ಭೂಮದ ಊಟಕ್ಕ ಕೂಡಿಸಿ ಹೆಂಡ್ತಿ ಹೆಸರ ಒಡಪಿನಾಗ ಹೇಳಪಾ ಅಂದ್ರ ಮಾರಿ ಕೆಂಪಗ ಆತು, ತಲಿ ಎತ್ತವಲ್ಲ. ಆಕಿ, ಬ್ಯಾಂಕಿನ ಕೆಲಸದಾಕಿ, ಟಪಾ ಟಪಾ ಎರಡ ಹೇಳಿ ಮೂರನೇದಕ್ಕ ಹೋಳಿಗಿ ಮುರದ ಇವನ ಬಾಯಾಗ ತುರುಕಿದ್ಲು. ಕಡಿಕೆ ಇಂವ ಏನಂದ ಗೊತ್ತೇನು? "ಅಕ್ಷತಾ". ಅಷ್ಟ. ಒಡಪು ಇಲ್ಲ, ಪ್ರಾಸ ಇಲ್ಲ, ಬರೇ ಹೆಸರ. ನಮ್ಮ ಅಜ್ಜಿ ಹಣಿ ಹಣಿ ಬಡಕೊಂಡ್ಲು, ಇದ್ರಾಗೇನ ಜಾಣತನ ಬಂತಪಾ, ಹೆಸರಂತೂ ದಿನಾ ಕರೀತಿ ಅಂತ.

ಇಂಜಿನಿಯರ್_ಅಲ್ಲ

ಒಂದು ಸೀರಿಯಸ್ ಡೌಟು, ನಗಬೇಡಿ. ಮುಂದಿನ ವಾರ ನನ್ನ ಮದುವೆ, ಹುಡ್ಗಿ ಗದಗದವಳು. ಅವರ ಮನೇಲಿ ಒಡಪು ಹೇಳಿಸ್ತಾರೆ ಅಂತ ಈಗ್ತಾನೆ ಇಲ್ಲಿ ಓದಿ ಹೊಟ್ಟೇಲಿ ಕಲಸ್ತಿದೆ. ಹೆಸ್ರು ಶೈಲಜಾ. ಯಾರಾದ್ರೂ ಒಂದು ಬರ್ಕೊಡ್ತೀರಾ? ಸಣ್ಣದು ಸಾಕು.

ಗಿರ್ಮಿಟ್_ಮಿರ್ಚಿ

ಅಬಬಬಬ! ಬಂದ್ರಿ ನೋಡ್ರಿ ದಾರಿಗೆ.

ಸಕ್ಕರೆನಾಡು_ಸಾವಿತ್ರಿ

ಯಾವ ಸೈನ್ಸ್ ಪತ್ರಿಕೇನೂ ಬ್ಯಾಡ ಅಂದೋರು ಒಡಪು ಮಾತ್ರ ಬೇಕಂತೆ ಕನವ್ವ.

ಅರಸೀಕೆರೆ_ಎಕ್ಸ್‌ಪ್ರೆಸ್

ಪಾಪ ಬಿಡಿ, ಮದುವೆ ಗಂಡು. ಮಿರ್ಚಿ ಅವರೇ ಬರ್ಕೊಡಿ, ಇಲ್ಲಾಂದ್ರೆ ಇವರೂ "ಶೈಲಜಾ" ಅಂತ ಬರೀ ಹೆಸರು ಹೇಳಿ ಬರ್ತಾರೆ.

ಗಿರ್ಮಿಟ್_ಮಿರ್ಚಿ

ತಗೋರಿ. ಬಾಯಿಪಾಠ ಮಾಡ್ರಿ, ಫೋನ್ ನೋಡ್ಕೋತ ಹೇಳಿದ್ರ ನಾದಿನೇರು ಕಸಗೋತಾರ.

ಗದಗಿನ ಕೆರಿಯಾಗ ತುಂಬೈತಿ ನೀರು,
ಹೋಳಿಗಿ ಮ್ಯಾಲ ಸುರದಾರ ತುಪ್ಪದ ಸಾರು,
ಮಾತಿನಾಗ ನನ್ನ ಸೋಲಸಾವ್ರು ಯಾರು ಅಂದ್ರ
ಶೈಲಜಾ ಅಂತಾರ ಊರಿನವ್ರು.

ಇಂಜಿನಿಯರ್_ಅಲ್ಲ

ಮೂರನೇ ಲೈನ್ ಚೇಂಜ್ ಮಾಡ್ಬೋದಾ?

ಗಿರ್ಮಿಟ್_ಮಿರ್ಚಿ

ಇಲ್ರಿ.